ಹೊಟ್ಟಿನ ಬೂದಿ ಹೊಳೆ ದಾಟಿದ್ದು: ಗಂಗಾವತಿ, ಸಿಂಧನೂರು, ಸಿರುಗುಪ್ಪ, ಬಳ್ಳಾರಿ ಕೂಡಿ ಮಾಡಿದ ಒಂದು ಕೆಲಸದ ಪ್ರಕರಣ ಅಧ್ಯಯನ

ಅಕ್ಕಿ ಮಿಲ್ಲಿನ ಬಾಯ್ಲರ್ ಹಿಂದೆ ಬೀಳುವ ಬೂದಿಯನ್ನು ನಮ್ಮ ಕಡೆ ಯಾರೂ ಸರಕು ಅಂತ ಎಣಿಸಿದವರಲ್ಲ. ಅದು ಸರಕಾದ ಕಥೆ ಇದು. ಅದನ್ನು ಮಾಡಿದ ಮಿಲ್ಲಿನವರ ಗುಂಪಿನ ಲೆಕ್ಕಪತ್ರ ನೋಡಿಕೊಂಡು ಮೂರು ವರ್ಷ ಸಭೆಗಳಲ್ಲಿ ಕೂತವನು ನಾನು. ಮಿಲ್ಲುಗಳ ಹೆಸರು, ಫೌಂಡ್ರಿಯ (ಎರಕದ ಕಾರ್ಖಾನೆಯ) ಹೆಸರು, ಮನುಷ್ಯರ ಹೆಸರು ಯಾವುದನ್ನೂ ಹಾಕಿಲ್ಲ. ಗುರುತು ಸಿಗದ ಹಾಗೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಿರ್ಧಾರಗಳನ್ನು ಮಾತ್ರ ನಡೆದ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ಗಂಗಾವತಿ ಕೊಪ್ಪಳ ಜಿಲ್ಲೆ, ಸಿಂಧನೂರು ರಾಯಚೂರು ಜಿಲ್ಲೆ, ಸಿರುಗುಪ್ಪ ಬಳ್ಳಾರಿ ಜಿಲ್ಲೆ. ಜಿಲ್ಲೆ ಮೂರಾದರೂ ಕಸುಬು ಒಂದೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿದು ಕಾಲುವೆಗೆ ನೀರು ಬಂದ ಮೇಲೆ ಇಲ್ಲಿ ನೆಲ್ಲು ಬಂತು (ಭತ್ತಕ್ಕೆ ನಮ್ಮಲ್ಲಿ ನೆಲ್ಲು ಅನ್ನುವುದೇ ರೂಢಿ). ಆಂಧ್ರದಿಂದ ಬಂದವರ ಕ್ಯಾಂಪ್‌ಗಳು ಎದ್ದವು, ಹಿಂದೆಯೇ ಮಿಲ್ಲುಗಳು ಎದ್ದವು. ಸೋನಾ ಮಸೂರಿ ಅಂದರೆ ಈ ಸೀಮೆ ಅನ್ನುವಷ್ಟು ಹೆಸರು ಬಂತು.

ಹೊಳೆಯ ಎರಡು ದಂಡೆಗಳ ನಡುವೆ ಒಂದು ಹಳೆಯ ಗೆರೆಯೂ ಇದೆ. 1948ರ ತನಕ ಈ ಭಾಗದಲ್ಲಿ ತುಂಗಭದ್ರೆಯ ಎಡದಂಡೆ ನಿಜಾಮನ ರಾಜ್ಯ, ಬಲದಂಡೆಯ ಬಳ್ಳಾರಿ ಮದರಾಸು ಪ್ರಾಂತ್ಯ. ರಾಯಚೂರು, ಗಂಗಾವತಿಯ ವ್ಯಾಪಾರಿ ಹೈದರಾಬಾದಿನ ಕಡೆ ಮುಖ ಮಾಡಿದ್ದ, ಬಳ್ಳಾರಿಯವನು ಗುಂತಕಲ್ಲು, ಮದರಾಸಿನ ಕಡೆ. ಬಳ್ಳಾರಿ 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು, ರಾಯಚೂರು 1956ರಲ್ಲಿ. ರಾಜ್ಯ ಒಂದಾಯಿತು ನಿಜ, ವ್ಯಾಪಾರದ ನೆಂಟಸ್ತಿಕೆ ಮಾತ್ರ ಅಷ್ಟು ಬೇಗ ಕೂಡಲಿಲ್ಲ. ಗಂಗಾವತಿಯ ಮಿಲ್ಲಿನವರಿಗೆ ಚೆನ್ನೈ, ಮುಂಬೈನ ಅಕ್ಕಿ ವ್ಯಾಪಾರಿಗಳ ಫೋನ್ ನಂಬರ್ ಬಾಯಿಪಾಠ. ತಾಸೆರಡು ತಾಸಿನ ದಾರಿಯಲ್ಲಿರುವ ಬಳ್ಳಾರಿಯಲ್ಲಿ ಎಷ್ಟು ಫೌಂಡ್ರಿ ಇವೆ, ಅವರು ಏನು ಮಾಡುತ್ತಾರೆ ಅಂತ ಕೇಳಿದರೆ ಗೊತ್ತಿರಲಿಲ್ಲ.

ಬಳ್ಳಾರಿ, ತೋರಣಗಲ್ಲು, ಹೊಸಪೇಟೆ, ಗಿಣಿಗೇರಾ ಸುತ್ತ ಇರುವುದು ಕಬ್ಬಿಣ, ಉಕ್ಕಿನ ಲೋಕ. ಕರಗಿದ ಕಬ್ಬಿಣವನ್ನು ಲೇಡಲ್‌ಗೆ (ಕರಗಿದ ಲೋಹ ಹೊರುವ ದೊಡ್ಡ ಪಾತ್ರೆಗೆ) ಸುರಿದಾಗ ಮೇಲಿನಿಂದ ಶಾಖ ಹಾರಿಹೋಗದಂತೆ ಒಂದು ಪುಡಿ ಹೊದಿಸುತ್ತಾರೆ. ಆ ಪುಡಿಯಾಗಿ ಬಹಳ ಕಡೆ ಬಳಸುವುದು ಹೊಟ್ಟಿನ ಬೂದಿಯನ್ನೇ. ಅದರಲ್ಲಿ ನೂರಕ್ಕೆ 85–90ರಷ್ಟು ಸಿಲಿಕಾ. ಹಗುರ, ಒಳಗೆಲ್ಲ ಸಣ್ಣ ಸಣ್ಣ ತೂತು, ಬೇಗ ಕರಗುವುದಿಲ್ಲ. ಕರಗಿದ ಲೋಹಕ್ಕೆ ಅದು ಕಂಬಳಿ ಇದ್ದ ಹಾಗೆ. ಒಂದು ದಂಡೆಯಲ್ಲಿ ಎಸೆಯುವ ವಸ್ತು, ಇನ್ನೊಂದು ದಂಡೆಯಲ್ಲಿ ದುಡ್ಡು ಕೊಟ್ಟು ತರಿಸುವ ವಸ್ತು. ನಡುವೆ ಇದ್ದದ್ದು ಹೊಳೆ, ಮತ್ತೆ ಪರಿಚಯವಿಲ್ಲದಿರುವಿಕೆ.

ತೊಡಕು

ಗಂಟೆಗೆ ನಾಲ್ಕು ಟನ್ ನೆಲ್ಲು ಆಡಿಸುವ ಒಂದು ಮಿಲ್ಲು ದಿನಕ್ಕೆ 20 ತಾಸು ನಡೆದರೆ 80 ಟನ್ ನೆಲ್ಲು. ಅದರಲ್ಲಿ ಐದರಲ್ಲಿ ಒಂದು ಪಾಲು ಹೊಟ್ಟು, ಅಂದರೆ 16 ಟನ್. ಸ್ಟೀಮ್ ಅಕ್ಕಿ ಮಾಡುವವರು ಅರ್ಧದಷ್ಟನ್ನು ತಮ್ಮ ಬಾಯ್ಲರ್‌ಗೇ ಹಾಕುತ್ತಾರೆ. ಸುಟ್ಟ ಹೊಟ್ಟಿನಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ. ದಿನಕ್ಕೆ ಒಂದೂವರೆ ಟನ್ ಆಯಿತು. ತೂಕ ಕಡಿಮೆ ಅನ್ನಿಸಬಹುದು, ಆದರೆ ಬೂದಿ ಹಗುರ. ಒಂದೂವರೆ ಟನ್ ಅಂದರೆ ಎರಡು-ಮೂರು ಟ್ರ್ಯಾಕ್ಟರ್ ಟ್ರೇಲರ್ ತುಂಬಿ ತುಳುಕುತ್ತದೆ.

ಈ ಪ್ರಕರಣದ ನಡುವಿನ ವ್ಯಕ್ತಿ ಗಂಗಾವತಿ ಕಡೆಯ ಒಬ್ಬ ಮಿಲ್ ಮಾಲೀಕರು. ಇಲ್ಲಿ ಸಾವಕಾರ್ರು ಅನ್ನುತ್ತೇನೆ. ಅವರು ಬೂದಿ ಹೊರಗೆ ಹಾಕಿಸಲು ಟ್ರ್ಯಾಕ್ಟರಿನವರಿಗೆ ಟ್ರಿಪ್ಪಿಗಿಷ್ಟು ಅಂತ ಕೊಡುತ್ತಿದ್ದರು. ಟ್ರ್ಯಾಕ್ಟರಿನವರು ರಸ್ತೆ ಪಕ್ಕದ ತಗ್ಗಿಗೆ ಸುರಿದು ಹೋಗುತ್ತಿದ್ದರು. ಗಾಳಿ ಬಿಟ್ಟರೆ ಬೈಕಿನವರ ಕಣ್ಣಿಗೆ, ಪಕ್ಕದ ಹೊಲದ ಬೆಳೆಗೆ. 2022ರ ಬೇಸಿಗೆಯಲ್ಲಿ ಪಕ್ಕದ ಹಳ್ಳಿಯವರು ಗೇಟಿನ ಮುಂದೆ ಬಂದು ಕೂತರು. ಒಬ್ಬ ಅಜ್ಜಿ ತನ್ನ ಸೆರಗು ಜಾಡಿಸಿ ತೋರಿಸಿದಳು, ಬಿಳಿ ಗೋಡೆಯ ಮೇಲೆ ಕರಿ ಗೆರೆ ಮೂಡಿತು. ಆ ಗೆರೆಯನ್ನು ಸಾವಕಾರ್ರು ಬಹಳ ದಿನ ಒರೆಸಿಸಲಿಲ್ಲ.

ಮೊದಲ ಎರಡು ಪ್ರಯತ್ನ

ಮೊದಲು ಹೊಳೆದದ್ದು ಇಟ್ಟಿಗೆ. ರಾಯಚೂರಿನ ಶಕ್ತಿನಗರದ ಸುತ್ತ ಹಾರುಬೂದಿ ಇಟ್ಟಿಗೆ ಮಾಡುವವರು ಬಹಳ. ಅವರಿಗೆ ಒಂದು ಲಾರಿ ಹೊಟ್ಟಿನ ಬೂದಿ ಕಳಿಸಿ ನೋಡಿದರು. ಇಟ್ಟಿಗೆ ನೀರು ಕುಡಿದು ಮೆತ್ತಗಾಯಿತು, ಅಂಚು ಉದುರಿತು. ತೂತುತೂತಾದ ಬೂದಿಗೆ ನೀರು ಹೆಚ್ಚು ಬೇಕು, ನುಣ್ಣಗೆ ಅರೆಯದೆ ಹಾಕಿದರೆ ಹೀಗೇ ಆಗುವುದು. ಅಲ್ಲದೆ 1,720 ಮೆಗಾವಾಟಿನ ಶಾಖೋತ್ಪನ್ನ ಕೇಂದ್ರ ಬಾಗಿಲಲ್ಲೇ ಇರುವಾಗ ನೂರು ಕಿಲೋಮೀಟರಿಗೂ ಆಚೆಯ ಬೂದಿ ಅವರಿಗೇಕೆ ಬೇಕು. ಆ ದಾರಿ ಅಲ್ಲಿಗೆ ಮುಚ್ಚಿತು.

ಎರಡನೆಯದು ಮೂರೂ ಊರಿನ ಮಿಲ್ಲಿನವರು ಕೂಡಿದ್ದು. ಹೊರಗಿನ ಒಬ್ಬ ದಲ್ಲಾಳಿ ಕೆಲವು ಮಿಲ್ಲುಗಳಿಂದ ಬೂದಿ ಎತ್ತಿ ಎಲ್ಲಿಗೋ ಸಾಗಿಸುತ್ತಿದ್ದ. ಗಂಗಾವತಿಯಲ್ಲಿ ಒಂದು ದರ, ಸಿಂಧನೂರಿನಲ್ಲಿ ಇನ್ನೊಂದು, ಸಿರುಗುಪ್ಪದಲ್ಲಿ ಪುಕ್ಕಟೆ. 11 ಮಿಲ್ಲಿನವರು ಸೇರಿ ಒಂದೇ ದರ ಕಟ್ಟಿದರು. ಮೂರು ಜಿಲ್ಲೆಯವರು ಒಂದು ಟೇಬಲ್ಲಿಗೆ ಕೂತದ್ದೇ ದೊಡ್ಡದು ಅಂತ ಎಲ್ಲರೂ ಸಂತೋಷಪಟ್ಟರು, ನಾನೂ ಪಟ್ಟೆ. ನಾಲ್ಕು ತಿಂಗಳು ದರ ಸಿಕ್ಕಿತು. ಆಮೇಲೆ ದಲ್ಲಾಳಿ ಬೇರೆ ಸೀಮೆಯ ಮಿಲ್ಲುಗಳನ್ನು ಹಿಡಿದ. ಬೂದಿ ಮತ್ತೆ ರಸ್ತೆಗೆ ಬಂತು.

ಈ ಸೋಲಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. 11 ಜನಕ್ಕೂ ಗೊತ್ತಿದ್ದದ್ದು ಒಂದೇ ವಿಷಯ. ಯಾರ ತಲೆಯಲ್ಲೂ ಇನ್ನೊಬ್ಬರ ತಲೆಯಲ್ಲಿಲ್ಲದ್ದು ಇರಲಿಲ್ಲ. ಕೂಡಿದಾಗ ಧ್ವನಿ ದೊಡ್ಡದಾಯಿತು, ತಿಳಿವಳಿಕೆ ಇದ್ದಷ್ಟೇ ಉಳಿಯಿತು. ಆ ಬೂದಿ ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ದಲ್ಲಾಳಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದು ಸಿಂಧನೂರಿನ ಒಬ್ಬ ಫಿಟ್ಟರ್. ಮಿಲ್ಲಿನ ಎಲಿವೇಟರ್, ಗಾಳಿ ಡಕ್ಟು ಮಾಡಿಕೊಡುವ ಫ್ಯಾಬ್ರಿಕೇಶನ್ ಅಂಗಡಿ ಅವರದು. ಲಾರಿ ಡ್ರೈವರ್ ಹತ್ತಿರ ಚಹಾ ಕುಡಿಯುತ್ತಾ ಕೇಳಿ, ಬೂದಿ ಹೋಗುವುದು ಉಕ್ಕಿನ ಕಾರ್ಖಾನೆಗೆ ಅಂತ ತಿಳಿದುಕೊಂಡು ಬಂದರು.

ಗೇಟಿನಿಂದ ವಾಪಸಾದ ಲಾರಿ

2023ರ ಆರಂಭದಲ್ಲಿ ಸಾವಕಾರ್ರು ನೇರವಾಗಿ ಒಂದು ಕಾರ್ಖಾನೆಗೆ ಲಾರಿ ಕಳಿಸಿದರು. ಗೇಟಿನಲ್ಲೇ ತಿರುಗಿಸಿದರು. ಕಾರಣ ಬರೆದು ಕೊಟ್ಟದ್ದು ಎರಡೇ ಪದ: ತೇವಾಂಶ ಹೆಚ್ಚು. ಸಾವಕಾರ್ರಿಗೆ ಸಿಟ್ಟು ಬಂತು. ನೆಲ್ಲಿನಲ್ಲಿ ತೇವಾಂಶ ಅಂದರೆ ದರ ಕಡಿಯುವ ನೆಪ ಅಂತಲೇ ಅವರ ಅನುಭವ. ಇದೂ ಹಾಗೇ ಅಂದುಕೊಂಡರು.

ವಾಪಸು ಬರುವ ದಾರಿಯಲ್ಲಿ ಡ್ರೈವರ್ ಬಳ್ಳಾರಿಯ ಒಂದು ಸಣ್ಣ ಫೌಂಡ್ರಿಗೆ ಲಾರಿ ತಿರುಗಿಸಿದ, ಸಿಂಧನೂರಿನ ಫಿಟ್ಟರ್ ಹೇಳಿದ್ದರು ಅಂತ. ಮಾರನೇ ದಿನ ಸಾವಕಾರ್ರು, ಫಿಟ್ಟರ್, ನಾನು ಮೂವರೂ ಅಲ್ಲಿಗೆ ಹೋದೆವು. ಫೌಂಡ್ರಿಯ ಹಿರಿಯ ಮೇಸ್ತ್ರಿ ನಮ್ಮನ್ನು ಅಂಗಳಕ್ಕೆ ಕರೆದರು. ಒಂದು ಕಬ್ಬಿಣದ ಪ್ಲೇಟನ್ನು ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಸಿದರು. ದೂರ ನಿಲ್ಲಲು ಹೇಳಿ ಉದ್ದ ಹಿಡಿಕೆಯ ಸಲಿಕೆಯಿಂದ ನಮ್ಮ ಬೂದಿ ಸ್ವಲ್ಪ ಅದರ ಮೇಲೆ ಹಾಕಿದರು. ಚಟಚಟ ಸಿಡಿದು ಅರ್ಧ ಬೂದಿ ಪ್ಲೇಟಿನಿಂದ ಹಾರಿ ಬಿತ್ತು.

"ಇದು ಬರೇ ಕಾದ ಪ್ಲೇಟು ಸಾವಕಾರ್ರ. ಲೇಡಲ್‌ನ್ಯಾಗ ಕರಗಿದ್ದು ಇರ್ತೈತಿ. ಅಲ್ಲಿ ಹಸಿ ಬಿದ್ರ ಕಬ್ಬಿಣನ ಮ್ಯಾಲೆ ಹಾರ್ತೈತಿ. ಕೆಳಗ ನಮ್ಮ ಹುಡುಗ್ರು ನಿಂತಿರ್ತಾರ."

ಸಾವಕಾರ್ರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಾವು ಬೆಂಕಿ ಹತ್ತಬಾರದು ಅಂತ ಬೂದಿಗೆ ನೀರು ಹೊಡಸ್ತೀವಿ ಮೇಸ್ತ್ರಿ. ನೀರು ಹೊಡದ್ರ ಒಳ್ಳೇದು ಅಂದ್ಕೊಂಡಿದ್ವಿ" ಅಂದರು.

ನನ್ನ ಲೆಕ್ಕದಲ್ಲಿ ಈ ಪ್ರಕರಣ ತಿರುಗಿದ್ದು ಅಲ್ಲಿ. ಅದುವರೆಗೆ ಮಾತು ದರದ ಸುತ್ತ ಇತ್ತು. ಅಂದಿನಿಂದ ಬೂದಿ ಹೇಗಿರಬೇಕು ಅನ್ನುವುದರ ಸುತ್ತ ಬಂತು. ಎರಡು ಪದದ ಚೀಟಿ ಮಾಡದ ಕೆಲಸವನ್ನು ಒಂದು ಕಾದ ಪ್ಲೇಟು ಮಾಡಿತು.

ಒಣ ಬೂದಿ, ಗಂಜಿ

ನೀರು ಹೊಡೆಯದಿದ್ದರೆ ಬೂದಿಯಲ್ಲಿ ಕೆಂಡ ಉಳಿಯುತ್ತದೆ, ಚೀಲ ಸುಡುತ್ತದೆ. ಇದಕ್ಕೆ ದಾರಿ ಹುಡುಕಿದ್ದು ಸಿಂಧನೂರಿನ ಫಿಟ್ಟರ್. ಬಾಯ್ಲರ್‌ನ ಬೂದಿ ಬಾಯಿಗೆ ಸ್ಕ್ರೂ ಕನ್ವೇಯರ್ (ಕೊಳವೆಯೊಳಗೆ ತಿರುಗುತ್ತಾ ಬೂದಿಯನ್ನು ಮುಂದೆ ತಳ್ಳುವ ಸ್ಕ್ರೂ) ಕೂಡಿಸಿ, ಅದರ ಕೊಳವೆಗೆ ಹೊರಗಿನಿಂದ ಇನ್ನೊಂದು ಕೊಳವೆ ತೊಡಿಸಿದರು. ಎರಡರ ನಡುವೆ ನೀರು. "ನೀರು ಹೊರಗ ಹರೀಲಿ, ಬೂದಿ ಒಳಗ ಹೋಗ್ಲಿ. ಒಂದಕ್ಕೊಂದು ಮುಟ್ಟಬಾರ್ದು." ಮೊದಲನೇ ಸ್ಕ್ರೂ ಎರಡೇ ತಿಂಗಳಲ್ಲಿ ಸವೆಯಿತು. ಸಿಲಿಕಾ ಉಜ್ಜುಗಾಗದದ ಹಾಗೆ ಕಬ್ಬಿಣ ತಿನ್ನುತ್ತದೆ. ಸವೆಯದ ಗಟ್ಟಿ ಲೋಹವನ್ನು ಅಂಚಿಗೆ ವೆಲ್ಡ್ ಮಾಡುವುದನ್ನು ಬಳ್ಳಾರಿಯ ಗಣಿ ಯಂತ್ರಗಳ ರಿಪೇರಿ ಮಾಡುವವರಿಂದ ಕಲಿತರು. ಅದಿರು ಅಗೆಯುವ ಬಕೆಟ್ಟಿನ ಹಲ್ಲಿಗೆ ಮಾಡುವುದನ್ನೇ ಅಕ್ಕಿ ಮಿಲ್ಲಿನ ಸ್ಕ್ರೂಗೆ ಮಾಡಿದರು. ಗಣಿ ಊರು ಪಕ್ಕದಲ್ಲಿಲ್ಲದಿದ್ದರೆ ಈ ಉಪಾಯ ನಮಗೆ ಇಷ್ಟು ಬೇಗ ಸಿಗುತ್ತಿರಲಿಲ್ಲ.

ಒಣಗಿದ ಬೂದಿಯಿಂದ ಹೊಸ ಕಷ್ಟ ಬಂತು: ಹಾರುತ್ತದೆ. ಲೇಡಲ್ ಹತ್ತಿರ ನಿಂತವರ ಮೂಗಿಗೆ ಹೋಗುತ್ತದೆ. ಲಾರಿಯಲ್ಲಿ ಜಾಗ ತುಂಬುತ್ತದೆ, ತೂಕ ಬರುವುದಿಲ್ಲ, ಬಾಡಿಗೆ ಗಿಟ್ಟುವುದಿಲ್ಲ. ಕಾಳು ಕಟ್ಟಬೇಕು ಅಂತ ಎಲ್ಲರಿಗೂ ಗೊತ್ತಾಯಿತು. ಯಾವುದರಿಂದ? ಸಿಮೆಂಟ್ ಹಾಕಿದರೆ ಬೂದಿಯ ಗುಣ ಕೆಡುತ್ತದೆ. ಜೇಡಿಮಣ್ಣು ತೂಕ ಹೆಚ್ಚಿಸುತ್ತದೆ.

ಉತ್ತರ ಬಂದದ್ದು ಫೌಂಡ್ರಿಯ ಕೋರ್ ಮಾಡುವ ಕೋಣೆಯಿಂದ. ಎರಕದ ಒಳಗೆ ಪೊಳ್ಳು ಬಿಡಲು ಮರಳಿನ ಅಚ್ಚು ಇಡುತ್ತಾರೆ, ಅದಕ್ಕೆ ಕೋರ್ ಅನ್ನುತ್ತಾರೆ. ಆ ಮರಳು ಉದುರದಂತೆ ಗಂಜಿಹಿಟ್ಟು ಬೆರೆಸುವ ಹಳೆಯ ಪದ್ಧತಿ ಇದೆ. ಮೇಸ್ತ್ರಿ ಅದನ್ನು ಹೇಳುವಾಗ ಸಾವಕಾರ್ರು ತಟ್ಟನೆ, "ಗಂಜಿ ಅಂದ್ರ ಅಕ್ಕೀದ? ನಮ್ಮಲ್ಲಿ ನುಚ್ಚು ಎಷ್ಟ ಬೇಕು ಅಷ್ಟ ಐತಿ" ಅಂದರು. ಕೋಳಿ ಆಹಾರಕ್ಕೆ ಹೋಗುವ ಸಣ್ಣ ನುಚ್ಚನ್ನು ಅರೆದು ಗಂಜಿ ಕಾಯಿಸಿದರು. ಮೂಲೆಗೆ ಬಿದ್ದಿದ್ದ ಹಳೆ ಪಾಲಿಷರ್‌ನ ಗೇರ್‌ಬಾಕ್ಸ್ ತೆಗೆದು ಫಿಟ್ಟರ್ ಒಂದು ದೊಡ್ಡ ತಟ್ಟೆ ಮಾಡಿದರು. ಓರೆಯಾಗಿ ನಿಂತು ತಿರುಗುವ ತಟ್ಟೆ. ಅದರಲ್ಲಿ ಬೂದಿ ಹಾಕಿ ಗಂಜಿ ಚಿಮುಕಿಸಿದರೆ, ಹಿಟ್ಟಿನ ಮೇಲೆ ನೀರು ಚಿಮುಕಿಸಿದಾಗ ಗಂಟಾಗುವ ಹಾಗೆ, ಬೂದಿ ಉರುಳುರುಳಿ ಜೋಳದ ಕಾಳಿನಷ್ಟು ಗುಂಡಗಾಗುತ್ತದೆ. ಗಂಜಿ ದಪ್ಪಗಾದರೆ ನಿಂಬೆಹಣ್ಣಿನಷ್ಟು ಉಂಡೆ, ತೆಳುವಾದರೆ ಕೆಸರು. ಆ ಹದ ಹಿಡಿಯಲು ಐದು ತಿಂಗಳು ಹಿಡಿಯಿತು. ಹಿಡಿದದ್ದು ಮಿಲ್ಲಿನ ಅಂಗಳದಲ್ಲಿ ಕಸಗುಡಿಸುತ್ತಿದ್ದ ಒಬ್ಬ ಹೆಣ್ಣುಮಗಳು. ತಟ್ಟೆಯ ಸದ್ದು ಬದಲಾಗುವುದನ್ನು ಕೇಳಿಯೇ ಗಂಜಿ ನಿಲ್ಲಿಸುತ್ತಾಳೆ. ಇಂದಿಗೂ ಆ ತಟ್ಟೆ ಅವಳದೇ.

ಇನ್ನೊಂದು ವಿಷಯ ಬಳ್ಳಾರಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯದಲ್ಲಿ ತಿಳಿಯಿತು. ಬೂದಿಯನ್ನು ಮತ್ತೆ ಕುಲುಮೆಯಲ್ಲಿ ಸುಟ್ಟು ಎಷ್ಟು ತೂಕ ಕಳೆಯಿತು ಅಂತ ನೋಡಿದರೆ ಉಳಿದ ಇಂಗಾಲದ ಅಂದಾಜು ಸಿಗುತ್ತದೆ. ಮಿಲ್ಲಿನಿಂದ ಮಿಲ್ಲಿಗೆ ಬೂದಿ ಬೇರೆ. ಕಪ್ಪಗಿದ್ದರೆ ಇಂಗಾಲ ಉಳಿದಿದೆ, ಬೂದುಬಿಳಿ ಇದ್ದರೆ ಪೂರಾ ಸುಟ್ಟಿದೆ. ಇಂಗಾಲ ಬಹಳ ಕಡಿಮೆ ಇರಬೇಕಾದ ಉಕ್ಕಿಗೆ ಕಪ್ಪು ಬೂದಿ ಆಗಿಬರುವುದಿಲ್ಲ. ಬೀಡುಕಬ್ಬಿಣದಲ್ಲಿ ಮೊದಲೇ ನೂರಕ್ಕೆ ನಾಲ್ಕರಷ್ಟು ಇಂಗಾಲ ಇರುವುದರಿಂದ ಅಲ್ಲಿ ಅಡ್ಡಿಯಿಲ್ಲ. ಇದು ತಿಳಿದ ಮೇಲೆ ಎಲ್ಲ ಬೂದಿಯನ್ನು ಒಂದೇ ರಾಶಿಗೆ ಹಾಕುವುದನ್ನು ಬಿಟ್ಟು ಎರಡು ದರ್ಜೆ ಮಾಡಿದರು. ದೊಡ್ಡ ಕಾರ್ಖಾನೆಯ ಆಸೆ ಬಿಟ್ಟು ಮೊದಲು ಫೌಂಡ್ರಿ, ಬೀಡುಕಬ್ಬಿಣದವರಿಗೇ ಮಾರುವುದು ಅಂತ ನಿರ್ಧರಿಸಿದರು. ನನ್ನ ಪ್ರಕಾರ ಇಡೀ ಪ್ರಕರಣದ ಜಾಣ ನಿರ್ಧಾರ ಇದು.

ಶೆಡ್ ಯಾವ ಜಿಲ್ಲೆಗೆ

ಕಾಳು ಕಟ್ಟುವ ಶೆಡ್ ಎಲ್ಲಿ ಹಾಕುವುದು ಅನ್ನುವಲ್ಲಿ ಗುಂಪು ಒಡೆಯುವ ಹಂತಕ್ಕೆ ಬಂತು. ಸಿಂಧನೂರಿನವರು ಯಂತ್ರ ನಮ್ಮದು ಅಂದರು. ಸಿರುಗುಪ್ಪದವರು ಬಳ್ಳಾರಿಗೆ ನಾವೇ ಹತ್ತಿರ, ಹೊಳೆ ದಾಟುವ ಗೋಜಿಲ್ಲ ಅಂದರು. ಗಂಗಾವತಿಯವರು ಬೂದಿ ಹೆಚ್ಚು ನಮ್ಮದು ಅಂದರು. ಮೂರು ಜಿಲ್ಲೆ, ಮೂರು ಜಿಲ್ಲಾ ಕೈಗಾರಿಕಾ ಕೇಂದ್ರ, ಮೂರು ಕಡೆ ಅರ್ಜಿ. ಎರಡು ಸಭೆ ಜಗಳದಲ್ಲೇ ಮುಗಿದವು.

ಬಿಡಿಸಿದ್ದು ಫೌಂಡ್ರಿ ಮೇಸ್ತ್ರಿ. ಅವರಿಗೆ ಮಿಲ್ಲೂ ಇಲ್ಲ, ಜಾಗವೂ ಇಲ್ಲ. "ಕಾಳು ಒಣಗಿಸಾಕ ಬಿಸಿ ಬೇಕಲ್ರಿ? ಆವಿ ಯಾರ ಹತ್ರ ಉಳೀತೈತಿ, ಅಲ್ಲಿ ಹಾಕ್ರಿ" ಅಂದರು. 11 ಮಿಲ್ಲಿನ ಬಾಯ್ಲರ್ ಲೆಕ್ಕ ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ಆವಿ ಉಳಿಯುತ್ತಿದ್ದದ್ದು ಗಂಗಾವತಿ ಕಡೆಯ ಒಂದು ಮಿಲ್ಲಿನಲ್ಲಿ, ಅದು ಸಾವಕಾರ್ರದಲ್ಲ. ಯಾರೂ ಎದುರಾಡಲಿಲ್ಲ.

ಅಲ್ಲೇ ಇನ್ನೊಂದು ನಿಯಮ ಬಂತು. ಪ್ರತಿ ಮಿಲ್ಲು ತನ್ನ ಚೀಲದ ಬಾಯಿಯನ್ನು ತನ್ನದೇ ಬಣ್ಣದ ದಾರದಲ್ಲಿ ಹೊಲಿಯಬೇಕು. ಒಮ್ಮೆ ಒಂದು ಲಾಟಿನಲ್ಲಿ ತೇವ ಸಿಕ್ಕಿತು. ದಾರ ಹಳದಿ, ಸಿರುಗುಪ್ಪದ್ದು. ಆ ಮಾಲೀಕರು ತಾವೇ ಬಂದು, ನೆಲದ ಮೇಲೆ ಚೀಲ ಇಟ್ಟದ್ದು ತಪ್ಪಾಯಿತು ಅಂದರು. ದಂಡ ಹಾಕಲಿಲ್ಲ. ಮರದ ಹಲಗೆ ಇಲ್ಲದೆ ಚೀಲ ಇಡಬಾರದು ಅಂತ 11 ಮಿಲ್ಲಿನಲ್ಲೂ ಆಯಿತು.

ಹೊಳೆ ಬಂದಾಗ

2024ರ ಜುಲೈ ಕೊನೆಗೆ ಅಣೆಕಟ್ಟೆಯಿಂದ ನೀರು ಬಿಟ್ಟು ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿತು. ಇದು ಹೊಸದಲ್ಲ, ಹೊಳೆ ಜೋರಾದಾಗಲೆಲ್ಲ ಆಗುವುದೇ. ಲಾರಿ ಸುತ್ತು ಹಾಕಿ ಹೋಗಬೇಕಾಯಿತು, ಫೌಂಡ್ರಿಗೆ ಸರಕು ತಡವಾಯಿತು. ಫೌಂಡ್ರಿಯವರು ಬೇರೆ ಕಡೆಯಿಂದ ತರಿಸಿಕೊಂಡರು. ಆಮೇಲೆ ಬಲದಂಡೆಯ ಕಂಪ್ಲಿಯಲ್ಲಿ ಒಂದು ಗೋದಾಮು ಬಾಡಿಗೆಗೆ ಹಿಡಿದು ಹದಿನೈದು ದಿನದ ಸರಕು ಅಲ್ಲಿ ಇಡತೊಡಗಿದರು.

ಸೇತುವೆಯ ಚಿಂತೆ ಕಳೆಯುವ ಮೊದಲೇ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಮುಂದಿನ ಕೆಲವು ದಿನ ಈ ಸೀಮೆಯಲ್ಲಿ ಯಾರೂ ನೆಮ್ಮದಿಯಿಂದ ಮಲಗಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದಾಗ ಮಿಲ್ಲಿನ ಅಂಗಳದಲ್ಲಿ ಹಮಾಲರು ಫೋನ್ ಹಿಡಿದು ನಿಂತು ನೋಡಿದ್ದು ನನಗೆ ನೆನಪಿದೆ. ಆ ವಾರದ ಸಭೆಯಲ್ಲಿ ಒಂದು ಮಾತು ಎಲ್ಲರಿಗೂ ನಾಟಿತು: ನಾವು ಮೂರು ಊರು ಅನ್ನುತ್ತೇವೆ, ನೀರು ಮಾತ್ರ ಒಂದೇ ಕಟ್ಟೆಯದು. ಕಟ್ಟೆ ಬರಿದಾದರೆ ಮೂರೂ ಊರಿನ ಬಾಯ್ಲರ್ ಒಟ್ಟಿಗೇ ತಣ್ಣಗಾಗುತ್ತವೆ. ಆಗ ಫೌಂಡ್ರಿಗೆ ಕೊಟ್ಟ ಮಾತು ಉಳಿಸುವುದು ಹೇಗೆ? ನಾರಾಯಣಪುರ ಬಲದಂಡೆ ಕಾಲುವೆಯ ಕೆಳಗೆ, ಅಂದರೆ ಕೃಷ್ಣೆಯ ನೀರಿನಲ್ಲಿ ಬೆಳೆದ ನೆಲ್ಲು ಆಡಿಸುವ ರಾಯಚೂರು ಕಡೆಯ ಒಂದು ಮಿಲ್ಲನ್ನು 12ನೆಯದಾಗಿ ಸೇರಿಸಿಕೊಂಡರು. ಬಾಡಿಗೆ ಹೆಚ್ಚು, ಲಾಭ ಕಡಿಮೆ. ಆದರೂ ಸೇರಿಸಿದರು.

ಏನು ಸಿಕ್ಕಿತು, ಏನು ತಿಳಿಯಿತು

ಇವತ್ತು ಮೂರು ಫೌಂಡ್ರಿ, ಒಂದು ಬೀಡುಕಬ್ಬಿಣದ ಘಟಕ ಈ ಕಾಳು ಕೊಳ್ಳುತ್ತವೆ. ಬೂದಿ ಸಾಗಿಸಲು ದುಡ್ಡು ಕೊಡುತ್ತಿದ್ದ ಮಿಲ್ಲುಗಳಿಗೆ ಬೂದಿಯಿಂದ ಸ್ವಲ್ಪ ದುಡ್ಡು ಬರುತ್ತಿದೆ. ಯಾರೂ ಶ್ರೀಮಂತರಾಗಿಲ್ಲ. ಸಿಂಧನೂರಿನ ಫಿಟ್ಟರ್‌ಗೆ ನೀರಿನ ಜಾಕೆಟ್ಟಿನ ಸ್ಕ್ರೂಗೆ ಹೊರ ತಾಲ್ಲೂಕುಗಳಿಂದಲೂ ಆರ್ಡರ್ ಬರುತ್ತಿವೆ. ಈ ಕೆಲಸದಲ್ಲಿ ಹೆಚ್ಚು ಗಳಿಸಿದವರು ಅವರೇ ಇರಬೇಕು, ನನಗೆ ಅದು ನ್ಯಾಯ ಅನ್ನಿಸುತ್ತದೆ.

ದೊಡ್ಡ ಊರಿನ ಹತ್ತಿರದ ಸಣ್ಣ ಊರು ಆ ದೊಡ್ಡತನವನ್ನು ಎರವಲು ಪಡೆಯುತ್ತದೆ ಅಂತ ಊರುಗಳ ಬೆಳವಣಿಗೆಯ ಅಧ್ಯಯನ ಮಾಡಿದ ವಿಲಿಯಂ ಅಲಾನ್ಸೊ 1973ರಲ್ಲಿ ಹೇಳಿದ್ದರು. ನಮ್ಮಲ್ಲಿ ಎರವಲು ಪಡೆಯಲು ಬೆಂಗಳೂರು, ಹೈದರಾಬಾದಿನಷ್ಟು ದೊಡ್ಡ ಊರು ಹತ್ತಿರ ಇಲ್ಲ. ಗಂಗಾವತಿ ಬಳ್ಳಾರಿಯ ಎರಕದ ತಿಳಿವಳಿಕೆಯನ್ನು ಪಡೆಯಿತು, ಬಳ್ಳಾರಿ ಗಂಗಾವತಿಯ ನುಚ್ಚನ್ನೂ ಬೂದಿಯನ್ನೂ ಪಡೆಯಿತು, ಸಿಂಧನೂರು ಎರಡೂ ಕಡೆಯ ಕಷ್ಟ ನೋಡಿ ಯಂತ್ರ ಮಾಡಿತು. ಕೈಸಾಲ ಎಲ್ಲ ಕಡೆಯಿಂದಲೂ ನಡೆಯಿತು.

ಬೇರೆ ಊರಿನವರು ಇದನ್ನು ಮಾಡಲು ಹೊರಟರೆ ಒಂದು ಮಾತು ಹೇಳಬೇಕು. ಒಂದೇ ಕಸುಬಿನ ಊರುಗಳು ಕೂಡಿದರೆ ದರ ಸಿಗುತ್ತದೆ, ಸರಕಿನ ಪ್ರಮಾಣ ಸಿಗುತ್ತದೆ. ಹೊಸ ವಸ್ತು ಹುಟ್ಟಬೇಕಾದರೆ ಬೇರೆ ಕಸುಬಿನ ಊರಿನವರು ಆ ಟೇಬಲ್ಲಿನಲ್ಲಿ ಕೂತಿರಬೇಕು. ಹಾಗಂತ ಮೊದಲ ಕೂಟ ದಂಡ ಆಗಲಿಲ್ಲ. ದಲ್ಲಾಳಿ ಕಾಲದಲ್ಲಿ ಕೂಡಿದ 11 ಮಿಲ್ಲುಗಳ ಬೂದಿ ಇಲ್ಲದಿದ್ದರೆ ಫೌಂಡ್ರಿಗೆ ತಿಂಗಳು ತಿಂಗಳು ಒಂದೇ ಗುಣದ ಸರಕು ಕೊಡಲು ಆಗುತ್ತಿರಲಿಲ್ಲ. ಆ ಕೂಟಕ್ಕೆ ಹೊರಗಿನವರೊಬ್ಬರು ಒಂದು ವರ್ಷ ಮೊದಲೇ ಬಂದಿದ್ದರೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಯಾಕೆ ಕರೆಯಲಿಲ್ಲ ಅಂದರೆ, ಸಂಘಗಳು ಕಸುಬಿನ ಮೇಲೆ, ಕಚೇರಿಗಳು ಜಿಲ್ಲೆಯ ಮೇಲೆ ಕಟ್ಟಿದವು. ಮಿಲ್ಲಿನವನೂ ಎರಕದವನೂ ಎದುರುಬದುರು ಕೂರುವ ಒಂದು ಜಾಗ ಈ ನಾಲ್ಕು ಊರಿನಲ್ಲಿ ಎಲ್ಲೂ ಇರಲಿಲ್ಲ. ಒಬ್ಬ ಲಾರಿ ಡ್ರೈವರ್ ಆ ಜಾಗವಾದ.

ಉಳಿದ ಕೆಲಸ

ಹೆಚ್ಚು ಶಾಖದಲ್ಲಿ ಸುಟ್ಟ ಬೂದಿಯ ಸಿಲಿಕಾ ಹರಳಾಗುತ್ತದೆ. ಆ ದೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಹೋದರೆ ಸಿಲಿಕೋಸಿಸ್ ಬರಬಹುದು. ಕಾಳು ಕಟ್ಟಿದ್ದರಿಂದ ಫೌಂಡ್ರಿಯ ಹುಡುಗರಿಗೆ ದೂಳು ಕಡಿಮೆಯಾಯಿತು. ಕಾಳು ಕಟ್ಟುವ ಶೆಡ್ಡಿನಲ್ಲಿ ಜರಡಿ ಹಿಡಿಯುವ ಆರು ಹೆಣ್ಣುಮಕ್ಕಳಿಗೆ ಹೆಚ್ಚಾಯಿತು. ಹೊಳೆ ದಾಟಿ ಅಪಾಯವೂ ಈ ಕಡೆ ಬಂತು, ನಾವು ಅದನ್ನು ತಡವಾಗಿ ಕಂಡೆವು. ಈಗ ಜರಡಿಗೆ ಮುಚ್ಚಳ ಹಾಕಿ ದೂಳು ಎಳೆಯುವ ಫ್ಯಾನ್ ಕೂಡಿಸಲಾಗಿದೆ. ಮಾಸ್ಕ್ ಕೊಟ್ಟಿದ್ದಾರೆ, ಸೆಕೆಗೆ ಅವರು ಕುತ್ತಿಗೆಗೆ ಇಳಿಸಿಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಎದೆಯ ಎಕ್ಸ್‌ರೇ ಮಾಡಿಸುವ ಖರ್ಚನ್ನು ಶೆಡ್ ಇರುವ ಮಿಲ್ಲು ಕೊಡಬೇಕೋ 12 ಮಿಲ್ಲೂ ಹಂಚಿಕೊಳ್ಳಬೇಕೋ ಅನ್ನುವುದು ಕಳೆದ ಎರಡು ಸಭೆಗಳಿಂದ ತೀರ್ಮಾನವಾಗಿಲ್ಲ. ಹಂಚಿಕೊಳ್ಳಬೇಕು, ಕೊಳ್ಳುವ ಫೌಂಡ್ರಿಗಳೂ ಒಂದು ಪಾಲು ಹಾಕಬೇಕು ಅಂತ ನಾನು ಬರೆದುಕೊಟ್ಟಿದ್ದೇನೆ. ಮೇಸ್ತ್ರಿ ತಮ್ಮ ಮಾಲೀಕರ ಸಹಿ ಹಾಕಿಸಿ ತಂದಿದ್ದಾರೆ. ಮುಂದಿನ ಸಭೆ ಸಿರುಗುಪ್ಪದಲ್ಲಿ.